ಅತ್ತೆ ಜ್ವರಕ್ಕೆ ಕೂತದ್ದು

ಅತ್ತೆಯ ಮೆದುಳಿನಲ್ಲಿ ಒಂದು ರಸ ಕಡಿಮೆಯಾಗಿತ್ತು, ಡಾಕ್ಟರು ಮಾತ್ರೆ ಕೊಟ್ಟು ಅದನ್ನು ತುಂಬಿಸಿದರು, ಅತ್ತೆ ಎದ್ದು ಕೂತಳು. ನಮ್ಮ ನೆಂಟರಲ್ಲಿ ಈಗ ಚಾಲ್ತಿಯಲ್ಲಿರುವ ಕಥೆ ಇದು. ಶೀಳನೆರೆಯ ನಮ್ಮ ಮನೆಗೆ ಯಾರೇ ಬಂದರೂ ಅಪ್ಪ ತನ್ನ ಅಕ್ಕನ ವಿಷಯವನ್ನು ಸ್ಕೂಟರಿಗೆ ಹೋಲಿಸಿ ವಿವರಿಸುತ್ತಾನೆ. ಪೆಟ್ರೋಲು ಮುಗಿದಿತ್ತು, ಹಾಕಿಸಿದೆವು, ಓಡಿತು. ಕೇಳಿದವರು ತಲೆದೂಗಿ ಕಾಫಿ ಕುಡಿದು ಹೋಗುತ್ತಾರೆ.

ಈ ಕಥೆಯ ಮೇಲೆ ನನಗೆ ತಕರಾರಿದೆ. ಸುಳ್ಳು ಎನ್ನುತ್ತಿಲ್ಲ. ಆದರೆ ಪೆಟ್ರೋಲು ಹಾಕಿದ ಸ್ಕೂಟರು ಒದ್ದ ತಕ್ಷಣ ಓಡಬೇಕು. ಅತ್ತೆ ಮಾತ್ರೆ ನುಂಗಲು ಶುರುಮಾಡಿದ ಮೇಲೂ ವಾರಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದಳು. ಅಷ್ಟು ದಿನ ಆ ಪೆಟ್ರೋಲು ಎಲ್ಲಿ ಹೋಗಿತ್ತು? ಅಪ್ಪನನ್ನು ಕೇಳಿದರೆ, "ನಿಂಗೆ ಎಲ್ಲದ್ರಲ್ಲೂ ತೂತು ಕಾಣ್ತದೆ, ಓಗು," ಎನ್ನುತ್ತಾನೆ.

ಕಾಣುವುದು ನಿಜ. ನಾನು ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು. ಚೀಟಿಯಲ್ಲಿ ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ಗಂಟೆ ಹೊಡೆಯುವವರೆಗೆ ಅದನ್ನೇ ನಂಬಿ ಮಾತಾಡಬೇಕು. ಹಾಗೆ ಕೆಲವು ವರ್ಷ ಎರಡೂ ಕಡೆ ನಿಂತು ಬಂದವರಿಗೆ ಯಾವ ಕಡೆಯ ಮೇಲೂ ಪೂರ್ತಿ ನಂಬಿಕೆ ಬರುವುದಿಲ್ಲ. ಮನೆಯವರೂ ಪಕ್ಕದಲ್ಲಿ ಕೂತು ಊಟ ಮಾಡಲು ಹಿಂದೆಮುಂದೆ ನೋಡುತ್ತಾರೆ. ಹಾಗೆ ನೋಡದೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿಸುತ್ತಿದ್ದವಳು ಅತ್ತೆ ಒಬ್ಬಳೇ. ನನ್ನ ತಕರಾರು ಅವಳ ಸಲುವಾಗಿಯೇ.

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದ್ದೆ, ರಸಾಯನ, ಸಸ್ಯ, ಪ್ರಾಣಿ. ಶೀಳನೆರೆಯಿಂದ ದಿನಾ ಓಡಾಡುವುದು ಕಷ್ಟವೆಂದು ಅತ್ತೆಯ ಮನೆಯಲ್ಲಿ ಬಿಟ್ಟರು. ಪಾಂಡವಪುರಕ್ಕೆ ಸ್ವಲ್ಪವೇ ದೂರ, ನಾಲೆಯ ಪಕ್ಕದ ಊರು. ಮಗಳನ್ನು ನಾಗಮಂಗಲದ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಮನೆಯಲ್ಲಿ ಅತ್ತೆ, ಮಾವ, ಒಂದು ಎಮ್ಮೆ, ಮತ್ತೆ ರೇಷ್ಮೆ ಹುಳ. ಹುಳಕ್ಕೆ ಮನೆಯಲ್ಲಿ ನಮಗಿಂತ ದೊಡ್ಡ ಕೋಣೆಯಿತ್ತು.

ಹೊಲದ ಯಜಮಾನ ಮಾವ, ಹುಳದ ಕೋಣೆಯ ಯಜಮಾನಿ ಅತ್ತೆ. ಹುಳಕ್ಕೆ ತಂದ ಹಿಪ್ಪುನೇರಳೆ ಸೊಪ್ಪನ್ನು ಕಿವಿಯ ಹತ್ತಿರ ಹಿಡಿದು ಹರಿದು, ಸದ್ದು ಕೇಳಿ, "ಬಾಡ್ಬುಟ್ಟದೆ, ಎಮ್ಮೆಗೆ ಆಕು," ಎಂದು ತಳ್ಳಿಬಿಡುತ್ತಿದ್ದಳು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು. ಕೈಕಾಲು ಅದ್ದದೆ ಒಳಗೆ ಹೆಜ್ಜೆಯಿಡುವಂತಿಲ್ಲ. ನಶ್ಯ ಏರಿಸುವವರು, ಹೊಗೆಸೊಪ್ಪು ಹಾಕುವವರು ಜಗಲಿಯಿಂದ ಈಚೆಗೆ ಬರುವಂತಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈ ತಾಕಿದರೆ ಹುಳ ಕಕ್ಕಿಕೊಂಡು ಸಾಯುತ್ತದೆ. ಇದು ನಂಬಿಕೆಯಲ್ಲ, ಕಣ್ಣಾರೆ ಕಂಡದ್ದು. ಅಪ್ಪ ಬೀಡಿ ಸೇದುತ್ತಾನೆ. ಒಡಹುಟ್ಟಿದವನನ್ನೂ ಅವಳು ಜಗಲಿಯಲ್ಲೇ ಕೂರಿಸಿ, ಕಿಟಕಿಯೊಳಗಿಂದ ಮಾತಾಡಿಸಿ ಕಳಿಸುತ್ತಿದ್ದಳು.

"ನಾನೇನು ಕಳ್ಳನಾ?" ಎಂದು ಅಪ್ಪ ಕೇಳುತ್ತಿದ್ದ.

"ಕಳ್ಳ ಆಗಿದ್ರೆ ಒಳೀಕೆ ಬುಡ್ತಿದ್ದೆ ಕಣ್ಲಾ. ಕಳ್ಳ ಬಂದ್ರೆ ಉಳ ಸಾಯಕಿಲ್ಲ."

ಇಂಥ ಅತ್ತೆ ಮಲಗಿಬಿಟ್ಟಳು. ಒಂದು ಬೆಳೆ ಚೆನ್ನಾಗಿ ಬಂದು ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿಯಾಗಿತ್ತು. ಸಾವಿಲ್ಲ, ಜಗಳವಿಲ್ಲ, ನಷ್ಟವಿಲ್ಲ. ಒಂದು ಬೆಳಿಗ್ಗೆ ಏಳಲಿಲ್ಲ. ಮಾರನೆಯ ದಿನ ಎದ್ದು, ಮುಖ ತೊಳೆದು, ಮತ್ತೆ ಹೋಗಿ ಮಲಗಿದಳು. ಆಮೇಲೆ ಮುಖ ತೊಳೆಯುವುದೂ ನಿಂತಿತು.

ಊರವರು ಕಾರಣ ಹುಡುಕಿ ತಂದರು. ಮಗಳ ಚಿಂತೆ ಎಂದರು. ಮಗಳು ನಾಗಮಂಗಲದಿಂದ ಬಂದು ನಾಲ್ಕು ದಿನ ಇದ್ದರೂ ಅತ್ತೆ ಹಾಗೆಯೇ ಇದ್ದಳು. ಬೆಳೆ ಚೆನ್ನಾಗಿ ಬಂದದ್ದಕ್ಕೆ ಕಣ್ಣು ತಾಗಿತು ಎಂದರು. ಪಕ್ಕದ ಮನೆಯ ಬೆಳೆ ಇನ್ನೂ ಚೆನ್ನಾಗಿ ಬಂದಿತ್ತು, ಅವರ ಮನೆಯಲ್ಲಿ ಎಲ್ಲರೂ ಎದ್ದೇ ಓಡಾಡುತ್ತಿದ್ದರು. ಒಂದೊಂದು ಕಾರಣವನ್ನೂ ನಾನು ಹೊಡೆದುಹಾಕುತ್ತಿದ್ದೆ. ನನ್ನ ಹತ್ತಿರ ಬೇರೆ ಕಾರಣವಿರಲಿಲ್ಲ ಎನ್ನುವುದು ಬೇರೆ ಮಾತು.

ಮಾವ ಮಾತ್ರ ಕಾರಣ ಹುಡುಕಲಿಲ್ಲ.

"ಜ್ವರಕ್ಕೆ ಕೂತವ್ಳೆ ಕಣವ್ವ," ಅಂದ. "ಸುಮ್ಕೆ ಬುಡಿ. ಎದ್ದೇಳ್ತಾಳೆ."

ಹುಳ ಸಾಕದವರಿಗೆ ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆ ಹುಳ ಬೆಳೆಯುತ್ತಾ ಬೆಳೆಯುತ್ತಾ ನಾಲ್ಕು ಸಲ ಚರ್ಮ ಕಳಚುತ್ತದೆ. ಪ್ರತಿ ಸಲವೂ ಅದಕ್ಕೆ ಮುಂಚೆ ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲುಗದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಹುಳ ಹರಡಿದ ಬಿದಿರಿನ ತಟ್ಟೆ ಅಲುಗಿಸಬಾರದು. ಅಲುಗಿಸಿದರೆ ಚರ್ಮ ಅರ್ಧಕ್ಕೆ ಸಿಕ್ಕಿಕೊಂಡು ಹುಳ ಕೆಡುತ್ತದೆ. ಸಾಕುವವರ ಜಾಣತನವೆಲ್ಲ ಆ ಹೊತ್ತಿನಲ್ಲಿ ಕೈಕಟ್ಟಿ ಕೂರುವುದರಲ್ಲಿದೆ. ಮಾವನಿಗೆ ಅದು ಚಿಕ್ಕಂದಿನಿಂದ ರಕ್ತದಲ್ಲಿ ಬಂದದ್ದು.

ಆ ನಿಯಮಗಳನ್ನೆಲ್ಲ ಅವನು ಹೆಂಡತಿಗೂ ಹಾಕಿದ. ಅವಳು ಮಲಗುವ ಕೋಣೆಯ ಕಿಟಕಿಗೆ ಗೋಣಿತಾಟು ಕಟ್ಟಿದ. ಎಮ್ಮೆಯ ಕೊರಳಿನ ಗಂಟೆ ಬಿಚ್ಚಿದ. ರೇಡಿಯೋವನ್ನು ಪಕ್ಕದ ಮನೆಗೆ ಕೊಟ್ಟು ಬಂದ. ಮುದ್ದೆಯನ್ನು ಬಾಗಿಲ ಹತ್ತಿರ ಇಟ್ಟು, ತಿನ್ನು ಎನ್ನದೆ ಹಿಂದಕ್ಕೆ ಬರುತ್ತಿದ್ದ. ನೋಡಲು ಬಂದ ಹೆಂಗಸರನ್ನು ಜಗಲಿಯಲ್ಲೇ ತಡೆಯುತ್ತಿದ್ದ. "ಒಳೀಕೆ ಓಗ್ಬ್ಯಾಡಿ, ಅಲುಗಿಸ್ಬ್ಯಾಡಿ." ತಾನೂ ಮೆಟ್ಟು ಬಿಟ್ಟು ಬರಿಗಾಲಲ್ಲಿ, ತುದಿಬೆರಳಲ್ಲಿ ನಡೆಯುತ್ತಿದ್ದ. ಆ ದೊಡ್ಡ ಆಸಾಮಿ ಹಾಗೆ ಕಳ್ಳಬೆಕ್ಕಿನಂತೆ ನಡುಮನೆ ದಾಟುವುದನ್ನು ಕಂಡರೆ ನಗು ಬರಬೇಕು. ನನಗೆ ಸಿಟ್ಟು ಬರುತ್ತಿತ್ತು.

ಒಂದು ಸಂಜೆ ಅವನು ಎಮ್ಮೆಗೆ ಹುಲ್ಲು ಹಾಕುತ್ತಿದ್ದಾಗ ಶುರುಮಾಡಿದೆ.

"ಮಾವ, ಜ್ವರಕ್ಕೆ ಕೂತ ಹುಳ ಎಷ್ಟೊತ್ತಿಗೆ ಏಳ್ತವೆ?"

"ಒಂದು ಅಗಲು, ಒಂದು ರಾತ್ರಿ. ಚಳಿ ಇದ್ರೆ ಇನ್ನೊಸಿ ಒತ್ತು."

"ಅತ್ತೆ ಮಲಗಿದಾಗ ಅಮಾಸೆ. ಹುಣ್ಣಿಮೆ ಕಳೆದು ಮತ್ತೆ ಅಮಾಸೆ ಬಂತು."

"ದೊಡ್ಡ ಜೀವ ಕಣವ್ವ. ದೊಡ್ಡ ಜೀವಕ್ಕೆ ಜಾಸ್ತಿ ಒತ್ತು ಬೇಕಾಯ್ತದೆ."

"ಎಮ್ಮೆ ಇನ್ನೂ ದೊಡ್ಡ ಜೀವ. ಇದು ಯಾವತ್ತಾದ್ರೂ ಜ್ವರಕ್ಕೆ ಕೂತದ್ದು ಕಂಡಿದೀಯಾ?"

"ಎಮ್ಮೆಗೆ ನಿನ್ನಂಗೆ ನಾಲ್ಗೆ ಇಲ್ಲ. ಇದ್ದಿದ್ರೆ ಅದೂ ಯೋಳ್ತಿತ್ತು."

ಅವನು ಸೋಲುವವನಲ್ಲ. ನಾನೂ ಬಿಡುವವಳಲ್ಲ. "ಆಯ್ತು, ಜ್ವರವೇ ಅಂತ ಇಟ್ಕೊ. ಎಲ್ಲಾ ಹುಳ ಎದ್ದ ಮೇಲೂ ಒಂದು ಏಳದೇ ಇದ್ರೆ, ಅದನ್ನ ಏನ್ಮಾಡ್ತೀರಿ?"

ಏಳದ ಹುಳವನ್ನು ಆರಿಸಿ ತೆಗೆದು, ಸುಣ್ಣದ ಪುಡಿ ಹಾಕಿ ಹೂಳುತ್ತಾರೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಮಾವ ಕೈಯಲ್ಲಿದ್ದ ಹುಲ್ಲನ್ನು ಎಮ್ಮೆಯ ಬಾಯಿಗೆ ತಾನೇ ತುರುಕುತ್ತಾ ನಿಂತ. ಮಾರನೆಯ ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವಾಗ ಅವನು ಒಗೆದ ಷರಟು ತೊಟ್ಟು ಜಗಲಿಯಲ್ಲಿ ಕೂತಿದ್ದ. "ಯಾವ ಡಾಕ್ಟ್ರತ್ರ ಓಗ್ಬೇಕು, ಯೋಳು," ಅಂದ.

ಶ್ರೀರಂಗಪಟ್ಟಣದಲ್ಲಿ ವಾರಕ್ಕೊಂದು ದಿನ ಮೈಸೂರಿನಿಂದ ಬಂದು ಕೂರುವ ಮನೋವೈದ್ಯರಿದ್ದರು. ಬಟ್ಟೆ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ. ಬಸ್ಸಿನಲ್ಲಿ ಅತ್ತೆಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಹೋದೆವು. ಹೊಳೆ ದಾಟುವಾಗ ಎಲ್ಲರೂ ಕಾಸು ಎಸೆದು ಕೈಮುಗಿದರು. ಅವಳು ಆ ಕಡೆ ತಿರುಗಲೂ ಇಲ್ಲ. ಡಾಕ್ಟರು ನಿದ್ದೆ, ಊಟ, ಅಳು ಎಲ್ಲವನ್ನೂ ಕೇಳಿದರು. ಅವಳ ಪರವಾಗಿ ನಾವೇ ಹೇಳಿದೆವು. ಕೊನೆಗೆ ನಮ್ಮನ್ನು ಸುಮ್ಮನಿರಿಸಿ, ಅವಳ ಕಡೆ ಬಗ್ಗಿ ಕೇಳಿದರು: "ಬದುಕಿರೋದು ಬೇಡ ಅನ್ನಿಸ್ತದೇನಮ್ಮಾ?"

"ಬೇಕು ಬ್ಯಾಡ ಅನ್ನೋದೇ ಬತ್ತಾ ಇಲ್ಲ ಸಾಮಿ," ಅಂದಳು ಅತ್ತೆ.

ಮಾವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ಡಾಕ್ಟರು ಹೊಸದಾಗಿ ಬಂದಿದ್ದ ಒಂದು ಮಾತ್ರೆ ಬರೆದರು. ನಾನು ವಿಜ್ಞಾನದ ವಿದ್ಯಾರ್ಥಿನಿ ಎಂದು ಗೊತ್ತಾಗಿ ನನ್ನ ಕಡೆ ತಿರುಗಿ ಹೇಳಿದರು: ಮೆದುಳಿನ ಕೋಶಗಳ ನಡುವೆ ಸುದ್ದಿ ಮುಟ್ಟಿಸುವ ಸೆರೊಟೋನಿನ್ ಎಂಬ ರಸವಿದೆ, ಈ ಮಾತ್ರೆ ಅದನ್ನು ಬೇಗ ಖಾಲಿಯಾಗಲು ಬಿಡುವುದಿಲ್ಲ. ಅಪ್ಪನ ಪೆಟ್ರೋಲು ಹುಟ್ಟಿದ್ದು ಇಲ್ಲಿಂದ. ಆದರೆ ಡಾಕ್ಟರು ಅದರ ಬೆನ್ನಿಗೇ ಹೇಳಿದ್ದನ್ನು ಅಪ್ಪ ಹೇಳುವುದಿಲ್ಲ. "ಕೆಲವು ವಾರ ಏನೂ ಗೊತ್ತಾಗಲ್ಲ. ಗೊತ್ತಾಗಲಿಲ್ಲ ಅಂತ ನಿಲ್ಲಿಸಬೇಡಿ. ಗೊತ್ತಾಯ್ತು ಅಂತಲೂ ನಿಲ್ಲಿಸಬೇಡಿ. ಮಾತಾಡಿಸಿ, ಬೆಳಕಲ್ಲಿ ಕೂರಿಸಿ, ಉಣ್ಣಿಸಿ."

ಮಾವ ಮಾಡುತ್ತಿದ್ದುದಕ್ಕೆ ಪೂರ್ತಿ ತದ್ವಿರುದ್ಧ. ಮನೆಗೆ ಬಂದವನೇ ಮಾತಾಡದೆ ಗೋಣಿತಾಟು ಬಿಚ್ಚಿದ. ಪಕ್ಕದ ಮನೆಯಿಂದ ರೇಡಿಯೋ ತಂದ.

ಮಾತ್ರೆ ಶುರುವಾಯಿತು. ಏನೂ ಆಗಲಿಲ್ಲ. ಬೆಳಕಲ್ಲಿ ಕೂರಿಸಿದರೆ ಕೂರುತ್ತಿದ್ದಳು, ಎಬ್ಬಿಸಿದರೆ ಏಳುತ್ತಿದ್ದಳು. ತುತ್ತು ಬಾಯಿಗಿಟ್ಟರೆ ಅಗಿಯುವುದನ್ನು ಮರೆಯುತ್ತಿದ್ದಳು. ಮಾವ ಪ್ರತಿ ಸಂಜೆ ನನ್ನನ್ನು ಕೇಳುತ್ತಿದ್ದ: "ನಿನ್ನ ಮಾತ್ರೆ ಎಲ್ಲಿಗಂಟ ಬಂತು?" ನೆಂಟರು ಬರುವ ಬಸ್ಸನ್ನು ವಿಚಾರಿಸುವಂತೆ. ಮಾತ್ರೆ ನನ್ನದಾಗಿಬಿಟ್ಟಿತ್ತು. ಪರವಾಗಿ ವಾದಿಸಿದವಳು ನಾನು, ಆದ್ದರಿಂದ ಅದು ಸೋತರೆ ಸೋಲೂ ನನ್ನದು. ಸೋತರೆ ಪಾರಿತೋಷಕ ಹೋಗುವುದಿಲ್ಲ, ಅತ್ತೆ ಹೋಗುತ್ತಾಳೆ. ಅಂಥ ಚರ್ಚೆಯಲ್ಲಿ ನಾನು ಅದುವರೆಗೆ ನಿಂತಿರಲಿಲ್ಲ.

ಪ್ರಾಣಿಶಾಸ್ತ್ರದ ಮೇಷ್ಟರನ್ನು ಹಿಡಿದೆ. ಪ್ರಯೋಗಶಾಲೆಯಲ್ಲಿ ಜಿರಲೆ ಸೀಳುವುದನ್ನು ಹೇಳಿಕೊಡುತ್ತಿದ್ದ, ಪ್ರಶ್ನೆ ಕೇಳಿದರೆ ಬೈಯದ ಮನುಷ್ಯ.

"ಸಾರ್, ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಸೆರೊಟೋನಿನ್ ಜಾಸ್ತಿ ಆಗ್ತದೆ?"

"ಅವತ್ತವತ್ತೇ. ಕೆಲವು ಗಂಟೆ."

"ಹಾಗಾದ್ರೆ ಮನುಷ್ಯ ಹುಷಾರಾಗಕ್ಕೆ ಯಾಕೆ ವಾರಗಟ್ಟಲೆ?"

ಮೇಷ್ಟರು ಕೈ ಒರೆಸಿಕೊಂಡು ಕೂತರು. "ಅದು ಯಾರಿಗೂ ಸರಿಯಾಗಿ ಗೊತ್ತಿಲ್ಲ," ಅಂದರು. ನಮ್ಮ ಕಾಲೇಜಿನಲ್ಲಿ ಒಬ್ಬ ಮೇಷ್ಟರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಅವರ ಮೇಲೆ ಗೌರವ ಹುಟ್ಟಿದ್ದೂ ಆಗಲೇ.

ಆಮೇಲೆ ಕರಿಹಲಗೆಯ ಮೇಲೆ ಒಂದು ನರಕೋಶ ಬರೆದರು. ಒಂದು ಗುಂಡು, ಅದರಿಂದ ಹೊರಟ ಕೊಂಬೆಗಳು, ಕೊಂಬೆಯ ತುದಿಗೆ ಬಿಡಿಸಿದ ಅಂಗೈಯಂಥ ಒಂದು ಆಕಾರ. ಬೆಳೆಯುವ ನರ ಆ ಅಂಗೈಯಿಂದ ದಾರಿ ತಡಕುತ್ತಾ ಮುಂದೆ ಹೋಗುತ್ತದಂತೆ. ಬಸವನಹುಳುವಿನ ನರಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಮೇಲೆ ಸೆರೊಟೋನಿನ್ ಬಿಟ್ಟು ನೋಡಿದ್ದಾರೆ. ಒಂದು ಬಗೆಯ ಕೋಶ ಅಂಗೈ ಮಡಚಿ, ಬೆಳೆಯುವುದನ್ನು ನಿಲ್ಲಿಸುತ್ತದೆ. ಪಕ್ಕದ ಇನ್ನೊಂದು ಬಗೆಯ ಕೋಶಕ್ಕೆ ಅದೇ ರಸ ತಾಕಿದರೂ ಏನೂ ಆಗುವುದಿಲ್ಲ, ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ.

"ರಸ ಒಂದೇ. ಒಂದಕ್ಕೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಯಾಕೆ?" ಎಂದು ಅವರೇ ಕೇಳಿ, ಕೋಶದ ಮೈಮೇಲೆ ಸಣ್ಣ ಸಣ್ಣ ಕೊಂಡಿಗಳನ್ನು ಬರೆದರು. "ಗ್ರಾಹಿಗಳು. ಹೊರಗಿನ ರಸವನ್ನು ಹಿಡಿದು ಒಳಗೆ ಸುದ್ದಿ ಕೊಡುವ ಪ್ರೋಟೀನು. ಸೆರೊಟೋನಿನ್ನಿಗೇ ಹತ್ತಕ್ಕೂ ಹೆಚ್ಚು ಬಗೆಯ ಗ್ರಾಹಿಗಳಿವೆ. ಯಾವ ಕೋಶದ ಮೇಲೆ ಯಾವುದಿದೆ ಅನ್ನೋದರ ಮೇಲೆ ಎಲ್ಲ. ಸುದ್ದಿ ಅಂದರೆ ಬರೀ ಗಂಟೆ ಬಾರಿಸಿದ ಹಾಗಲ್ಲ. ಕೋಶದ ಒಳಗೆ ಆಕಾರ ಹಿಡಿದು ನಿಲ್ಲಿಸುವ ನೂಲುಗಳಿವೆ. ಸುದ್ದಿ ಅಲ್ಲಿಗೂ ಮುಟ್ಟುತ್ತದೆ. ನೂಲು ಕಟ್ಟುತ್ತದೆ, ಬಿಚ್ಚುತ್ತದೆ, ಕೊಂಬೆ ಚಾಚುತ್ತದೆ, ಇಲ್ಲ ಮಡಚಿಕೊಳ್ಳುತ್ತದೆ. ಕೋಶದ ರೂಪವೇ ಬದಲಾಗುತ್ತದೆ. ಅದು ಗಂಟೆಗಳ ಕೆಲಸ ಇರಲಾರದು."

"ಮನುಷ್ಯರಲ್ಲೂ ಹೀಗೇನಾ?"

"ಬಸವನಹುಳುವಿನಲ್ಲಿ ನೋಡಿದ್ದಾರೆ. ನಿಮ್ಮತ್ತೆಯ ವಿಷಯ ನನ್ನ ಊಹೆ. ವೇದಿಕೆ ಮೇಲೆ ಇದನ್ನೇ ಸತ್ಯ ಅಂತ ಕೂಗಿಬಿಟ್ಟೀಯಾ, ಹುಷಾರು."

ವೇದಿಕೆಯ ಮೇಲೆ ಕೂಗಲಿಲ್ಲ, ಹಟ್ಟಿಯ ಅಂಗಳದಲ್ಲಿ ಮಾವನ ಮುಂದೆ ಹೇಳಿದೆ. ಗ್ರಾಹಿ, ಪ್ರೋಟೀನು ಅಂದರೆ ಅವನು ಎದ್ದುಹೋಗುತ್ತಾನೆ. ಆದ್ದರಿಂದ ಅವನ ಹೊಲದ ಮಾತನ್ನೇ ಎತ್ತಿದೆ. "ಮಾವ, ಕತ್ತಿಲಿ ಹಿಪ್ಪುನೇರಳೆ ಬುಡ ಸವರಿ ನೀರು ಬುಡ್ತೀಯಲ್ಲ. ಅವತ್ತೇ ಸಂಜೆ ಸೊಪ್ಪು ಕೀಳ್ತೀಯಾ?"

"ಯಾವನಾದ್ರೂ ಕೀಳ್ತಾನಾ? ಕುಡಿ ಒಡೆದು, ಕಡ್ಡಿ ಬಲಿತು, ಎಲೆ ಅಗಲ ಆಗ್ಬೇಕು. ಎರಡು ತಿಂಗಳ ಮೇಲಾಯ್ತದೆ."

"ಮಾತ್ರೆ ನೀರು. ಅತ್ತೆ ತಲೆ ಒಳಗೆ ಕುಡಿ ಒಡೀಬೇಕು."

"ಇದನ್ನ ಆ ಡಾಕ್ಟ್ರು ಅವತ್ತೇ ಬಾಯ್ಬುಟ್ಟು ಯೋಳಕ್ಕೇನಾಗಿತ್ತು? ಸಂಜೆ ಸಂಜೆ ನಿನ್ನ ಜೀವ ತಿಂದೆ," ಅಂದ ಮಾವ. ಅಂದಿನಿಂದ ಮಾತ್ರೆ ಎಲ್ಲಿಗಂಟ ಬಂತು ಎಂದು ಕೇಳಲಿಲ್ಲ.

ನಾನು ಗೆದ್ದೆ, ಆದರೆ ನನ್ನ ವಾದದಲ್ಲಿ ಒಂದು ತೂತಿತ್ತು. ಮೇಷ್ಟರ ಕಥೆಯಲ್ಲಿ ಸೆರೊಟೋನಿನ್ ಬೆಳವಣಿಗೆಯನ್ನು ನಿಲ್ಲಿಸಿತ್ತು. ಅಂದರೆ ಅದು ನೀರಲ್ಲ, ಕತ್ತಿ. ಮಾರನೆಯ ದಿನ ಮೇಷ್ಟರಿಗೆ ಇದನ್ನು ಹೇಳಿದಾಗ ನಕ್ಕರು. "ಸವರದೇ ಬಿಟ್ಟ ಹಿಪ್ಪುನೇರಳೆ ಮರ ಆಗಿಬಿಡ್ತದೆ, ಹುಳಕ್ಕೆ ಬೇಕಾದ ಸೊಪ್ಪು ಬರಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಚಾಚಬೇಕು, ಎರಡೂ ಸೇರಿದರೆ ರೂಪ. ನಿಮ್ಮ ಮಾವನಿಗೆ ಅರ್ಧ ಹೇಳಿದೀಯಾ, ಉಳಿದರ್ಧ ಅವರಿಗೇ ಗೊತ್ತಿರ್ತದೆ ಬಿಡು." ಅದನ್ನು ನಾನು ಮಾವನಿಗೆ ಹೇಳಹೋಗಲಿಲ್ಲ. ಗೆದ್ದ ಚರ್ಚೆಗೆ ತಿದ್ದುಪಡಿ ತರುವ ಅಭ್ಯಾಸ ನಮ್ಮಲ್ಲಿಲ್ಲ.

ಆ ದಿನಗಳಲ್ಲೇ ನಾಗಮಂಗಲದಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ಬಂತು. ವಿಷಯ, ವಿಜ್ಞಾನ ವರವೋ ಶಾಪವೋ. ಕರ್ನಾಟಕದಲ್ಲಿ ಚರ್ಚಾಸ್ಪರ್ಧೆ ಎನ್ನುವುದು ಇರುವವರೆಗೆ ಈ ವಿಷಯಕ್ಕೆ ಸಾವಿಲ್ಲ. ಯಾವ ಕಡೆ ಬರುತ್ತದೋ ಗೊತ್ತಿಲ್ಲವಾದ್ದರಿಂದ ಎರಡನ್ನೂ ಅಭ್ಯಾಸ ಮಾಡಬೇಕು. ಅತ್ತೆಯನ್ನು ಬೆಳಕಿಗೆ ಕೂರಿಸಿ, ಅವಳನ್ನೇ ತೀರ್ಪುಗಾರರೆಂದು ಭಾವಿಸಿ, ಹಟ್ಟಿಯಲ್ಲಿ ನಿಂತು ಕೂಗುತ್ತಿದ್ದೆ. ಡಾಕ್ಟರು ಮಾತಾಡಿಸಿ ಎಂದಿದ್ದರಲ್ಲ. ನನಗೆ ಬರುವುದು ಇದೊಂದೇ ಬಗೆಯ ಮಾತು. ಅವಳು ಕಂಬಕ್ಕೊರಗಿ, ಕಣ್ಣನ್ನು ಎಲ್ಲೋ ನೆಟ್ಟು, ಕೂತಿರುತ್ತಿದ್ದಳು.

ಒಂದು ಸಂಜೆ ವಿಜ್ಞಾನ ಶಾಪ ಎಂದು ಮೊದಲು ಮಾತಾಡಿದೆ. ಅಣುಬಾಂಬು, ಹೊಗೆ, ಔಷಧಿ ಹೊಡೆದ ಸೊಪ್ಪು ತಿಂದು ಸಾಯುವ ಹುಳ. ಆಮೇಲೆ ವರ ಎಂದು ಮಾತಾಡಿದೆ. ಸಿಡುಬಿನ ಲಸಿಕೆ, ವಿದ್ಯುತ್ತು, ನಾಲೆ. "ಆದ್ದರಿಂದ ಮಾನ್ಯ ತೀರ್ಪುಗಾರರೇ" ಎಂದು ಕೈ ಎತ್ತಿ ಮುಗಿಸಿದೆ.

"ಮೊದ್ಲು ಮಾತಾಡಿದವಳೇ ಸರ್ಯಾಗಿ ಯೋಳಿದ್ಲು," ಅಂದಳು ಅತ್ತೆ.

ಎತ್ತಿದ ಕೈ ಹಾಗೇ ಇತ್ತು. ಎಷ್ಟೋ ವಾರಗಳ ಮೇಲೆ ಅವಳಾಗಿಯೇ ಆಡಿದ ಮೊದಲ ಮಾತು.

"ಯಾಕತ್ತೆ?"

"ಉಳದ ವಿಚಾರ ಯೋಳಿದ್ಲಲ್ಲ. ಅದು ಕಂಡ ಮಾತು. ಎರಡ್ನೇವಳು ಬರೀ ಕೂಗಾಡಿದ್ಲು."

ಒಳಗಿನಿಂದ ಮಾವ ಓಡಿಬಂದ. ಅವನಿಗೂ ಕೇಳಿಸಿತ್ತು. ಬಂದವನು ಏನು ಹೇಳಬೇಕೋ ತಿಳಿಯದೆ, "ಇಬ್ರೂ ಇವಳೇ ಕಣಮ್ಮಿ," ಅಂದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅದು ನಂಗೂ ಗೊತ್ತು. ನೀನ್ಯಾಕೆ ಇಂಗೆ ಬಡಕಲಾಗ್ಬುಟ್ಟಿದೀಯಾ?"

ನಾಗಮಂಗಲದಲ್ಲಿ ನನಗೆ 'ವರ' ಬಂತು. ಸೋತೆ. ಎರಡನೇವಳು ಬರೀ ಕೂಗಾಡಿದಳು ಎಂದು ತೀರ್ಪುಗಾರರೂ ಅಂದುಕೊಂಡಿರಬೇಕು. ಬಸ್ಸಿನಲ್ಲಿ ವಾಪಸು ಬರುವಾಗ ಒಬ್ಬಳೇ ನಗುತ್ತಿದ್ದೆ.

ಅತ್ತೆ ಒಂದೇ ಸಲಕ್ಕೆ ಎದ್ದುಬಿಡಲಿಲ್ಲ. ಒಂದು ದಿನ ತಲೆ ಬಾಚಿಕೊಂಡಳು, ಮಾರನೆಯ ದಿನ ಬಾಚಲಿಲ್ಲ. ಒಂದು ದಿನ ಸಾರಿಗೆ ಉಪ್ಪು ಸಾಲದು ಅಂದಳು. ಮಾವ ಅವತ್ತು ಆ ಸಾರನ್ನು ಮೂರು ಸಲ ಹಾಕಿಸಿಕೊಂಡು ತಿಂದ. ಕೊನೆಗೊಂದು ಬೆಳಿಗ್ಗೆ ತಾನೇ ಹುಳದ ಕೋಣೆಯ ಬಾಗಿಲು ತೆಗೆದು, ನೆಲ ನೋಡಿ, "ತೊಳೀಬೇಕು," ಅಂದಳು. ಹೊಸ ಬೆಳೆಗೆ ಮೊಟ್ಟೆ ತರಿಸಿದಳು.

ನಮ್ಮ ನೆಂಟರ ಕಥೆ ಇಲ್ಲಿಗೆ ಮುಗಿಯುತ್ತದೆ. ನಿಜವಾದ ಇಕ್ಕಟ್ಟು ಶುರುವಾದದ್ದು ಇಲ್ಲಿಂದ.

ಮೊಟ್ಟೆಯೊಡೆದು ಹುಳ ಬಂದ ದಿನವೇ ಅತ್ತೆ ಮಾತ್ರೆ ನಿಲ್ಲಿಸಿದಳು. ಕದ್ದುಮುಚ್ಚಿಯಲ್ಲ, ರಾಜಾರೋಷವಾಗಿ. ಮಾತ್ರೆಯ ಹಾಳೆಯನ್ನು ತಂದು ನನ್ನ ಕೈಗಿಟ್ಟಳು.

"ಉಳ ಬಂದವೆ. ಇನ್ನು ಇದು ಮನೇಲಿ ಬ್ಯಾಡ."

"ಹುಳಕ್ಕೂ ನೀನು ನುಂಗೋದಕ್ಕೂ ಏನತ್ತೆ ಸಂಬಂಧ?"

"ಒಗೆಸೊಪ್ಪು ಅಗಿಯೋರು ಬಾಯಿಗೆ ಆಕ್ಕೋತಾರೆ. ಉಳ ಅವರ ಬಾಯಿ ಒಳೀಕೆ ಓಯ್ತದಾ? ಕೈ ಬೆವರಲ್ಲಿ ಬತ್ತದೆ ಕಣೆ. ತಲೆಗೆ ಏರೋ ಮಾತ್ರೆ ಕೈಗೆ ಇಳಿಯಾಕಿಲ್ವಾ?"

ಕೆಟ್ಟ ವಾದವಲ್ಲ. ಹೊಗೆಸೊಪ್ಪಿನ ಅಂಶ ಹುಳದ ನರಕ್ಕೇ ಹೊಡೆಯುವುದು. ಇವಳ ಮಾತ್ರೆ ಕೆಲಸ ಮಾಡುವುದೂ ನರದಲ್ಲೇ. ಹುಳಕ್ಕೂ ಸೆರೊಟೋನಿನ್ ಇದೆ ಎಂದು ಮೇಷ್ಟರೇ ಹೇಳಿದ್ದರು. ಆದರೆ ನಿಲ್ಲಿಸಬೇಡಿ ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲಿತ್ತು. ಕೊಂಬೆ ಅರ್ಧ ಚಾಚಿದೆ, ಅಲ್ಲಿಗೇ ಬಿಟ್ಟರೆ? ಹುಳ ಬೇಕೋ ಅತ್ತೆ ಬೇಕೋ ಎಂದು ಯಾರಾದರೂ ಕೇಳಿದ್ದರೆ ನನ್ನ ಉತ್ತರ ಸುಲಭ. ಅವಳ ಉತ್ತರವೂ ಸುಲಭ. ಅದೇ ತೊಂದರೆ. ಹುಳ ಸಾಕದ ಅತ್ತೆ ಎದ್ದು ಬಂದೂ ಏನು ಮಾಡಬೇಕು?

ನಾಲ್ಕಾರು ದಿನ ಹಟ. ಅವಳು ನುಂಗಲಿಲ್ಲ. ಮತ್ತೆ ನಿದ್ದೆ ಕೆಟ್ಟಿತು. ಸೊಪ್ಪು ಹೆಚ್ಚುತ್ತಾ ಹೆಚ್ಚುತ್ತಾ ಕತ್ತಿ ಹಿಡಿದು ಸುಮ್ಮನೆ ಕೂರುವುದು ಕಂಡಿತು. ಮಾವ ಮತ್ತೆ ತುದಿಬೆರಳಲ್ಲಿ ನಡೆಯಲು ಶುರುಮಾಡಿದ. ಅದನ್ನು ನೋಡಿ ನಾನು ಬೇರೆ ದಾರಿ ಹಿಡಿದೆ.

"ಅತ್ತೆ, ಒಂದು ತಟ್ಟೆ ಪರೀಕ್ಷೆಗೆ ಕೊಡು."

"ಯಾಕೆ?"

"ನೀನು ಮಾತ್ರೆ ನುಂಗು. ಆ ಒಂದು ತಟ್ಟೆಗೆ ನೀನು ಮಾತ್ರ ಕೈಯಿಡು. ಉಳಿದದ್ದೆಲ್ಲ ಮಾವ ನೋಡ್ಕೊಳ್ಳಲಿ. ಸೊಪ್ಪು ಒಂದೇ, ಕೋಣೆ ಒಂದೇ, ಕೈ ಬೇರೆ. ನಿನ್ನ ತಟ್ಟೆ ಸತ್ತರೆ ನಾನು ಬಾಯಿ ಮುಚ್ಕೋತೀನಿ."

"ನೀನು ಬಾಯಿ ಮುಚ್ಚೋದಕ್ಕೆ ಒಂದು ತಟ್ಟೆ ಉಳ ಕೊಡಬೇಕಾ?"

"ಕೊಡಮ್ಮಿ, ಅಗ್ಗ ಆಯ್ತು," ಅಂದ ಮಾವ.

ಅತ್ತೆ ನಕ್ಕಳು. ಮಲಗಿದಂದಿನಿಂದ ನಕ್ಕಿರಲಿಲ್ಲ. ತಟ್ಟೆಯನ್ನು ತಾನೇ ಆರಿಸಿ ಕೊಟ್ಟಳು. ಸೊರಗಿದ ಹುಳದ ತಟ್ಟೆ ಕೊಡುತ್ತಾಳೆ ಎಂದುಕೊಂಡಿದ್ದೆ. ಒಳ್ಳೆಯದನ್ನೇ ಕೊಟ್ಟಳು. ಪರೀಕ್ಷೆ ಅಂದ ಮೇಲೆ ಮೋಸ ಇರಬಾರದಂತೆ. ಮಾತ್ರೆಯನ್ನು ಮಾತ್ರ ಕೈಯಿಂದ ಮುಟ್ಟುವುದಿಲ್ಲ ಅಂದಳು. ಮಾವ ಮುಟ್ಟಿದರೆ ಉಳಿದ ತಟ್ಟೆಗಳು ಕೆಟ್ಟಾವು. ಹುಳ ಮುಟ್ಟದವಳು ಮನೆಯಲ್ಲಿ ನಾನೊಬ್ಬಳೇ. ಹೀಗಾಗಿ ದಿನಾ ಬೆಳಿಗ್ಗೆ ಕಾಲೇಜಿನ ಬಸ್ಸಿಗೆ ಹೊರಡುವ ಮುಂಚೆ, ಬಾಯಿ ತೆರೆದು ನಿಂತ ಅತ್ತೆಯ ನಾಲಗೆಯ ಮೇಲೆ ಮಾತ್ರೆ ಇಡುವುದು ನನ್ನ ಕೆಲಸವಾಯಿತು. ಚಿಕ್ಕಂದಿನಲ್ಲಿ ನನಗೆ ಹರಳೆಣ್ಣೆ ಕುಡಿಸುತ್ತಿದ್ದವಳು ಅವಳು. ಮೂಗು ಹಿಡಿಯಲಾ ಎಂದು ಕೇಳುತ್ತಿದ್ದೆ. ತಲೆಗೆ ಮೊಟಕುತ್ತಿದ್ದಳು.

ಮೊದಲ ಜ್ವರಕ್ಕೆ ಎಲ್ಲ ತಟ್ಟೆಗಳೂ ಒಟ್ಟಿಗೆ ಕೂತವು, ಒಟ್ಟಿಗೆ ಎದ್ದವು. ಎರಡನೆಯದಕ್ಕೂ ಹಾಗೇ. ಕೊನೆಯ ಜ್ವರ ಕಳೆದ ಮೇಲೆ ಮಾವನ ಒಂದು ತಟ್ಟೆಯಲ್ಲಿ ಕೆಲವು ಹುಳ ಊದಿಕೊಂಡು ಹಾಲಿನಂಥ ರಸ ಕಾರಿ ಸತ್ತವು, ಹಾಲುತೊಂಡೆ ರೋಗ. ಅತ್ತೆಯ ತಟ್ಟೆಗೆ ಏನೂ ಆಗಲಿಲ್ಲ.

"ನೀನ್ಯಾವ ಮಾತ್ರೆ ನುಂಗಿದ್ದೆ, ನಿಜ ಯೋಳು," ಎಂದು ಅತ್ತೆ ಮಾವನನ್ನು ಊರೆಲ್ಲ ಕೇಳುವಂತೆ ಕೇಳಿದಳು.

ಒಂದು ತಟ್ಟೆಯಿಂದ ಏನೂ ಸಿದ್ಧವಾಗುವುದಿಲ್ಲ. ನಾನು ಗೆದ್ದೆ ಎನ್ನುವುದಾದರೆ ಗೆದ್ದದ್ದು ಇಷ್ಟೇ: ಮಾತ್ರೆ ಆ ಹುಳಕ್ಕೆ ಕೇಡು ಮಾಡಲಿಲ್ಲ. ಅತ್ತೆಗೆ ಒಳ್ಳೆಯದು ಮಾಡಿದ್ದು ಅದೋ, ಬೆಳಕೋ, ಹೆಚ್ಚಿದ ಸೊಪ್ಪೋ, ಬೆಳಿಗ್ಗೆ ಬೆಳಿಗ್ಗೆ ನಾಲಗೆ ಚಾಚಿ ನನ್ನ ತಲೆಗೆ ಮೊಟಕುವುದೋ, ಬೇರ್ಪಡಿಸಿ ತೋರಿಸಲು ನನಗೆ ಇನ್ನೊಬ್ಬಳು ಅತ್ತೆ ಬೇಕು. ಕೋಶದ ಕೊಂಬೆಗೆ ಇವೆಲ್ಲವೂ ಮುಟ್ಟುತ್ತವೇನೋ ಎಂದು ಮೇಷ್ಟರು ಅನುಮಾನ ಪಟ್ಟರು. ನಾನೂ ಪಡುತ್ತೇನೆ. ಅತ್ತೆ ಮಾತ್ರ ಹೇಳಿದಷ್ಟು ಕಾಲವೂ ನುಂಗಿದಳು. ಡಾಕ್ಟರು ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದರು. ನಿಲ್ಲಿಸುವಾಗ ಮಾವನನ್ನು ಹೊರಗೆ ಕಳಿಸಿ ನನಗೆ ಹೇಳಿದರು: "ಇದು ಕೆಲವರಿಗೆ ಮತ್ತೆ ಬರುತ್ತದೆ. ಬಂದರೆ ಬೇಗ ಗೊತ್ತಾಗೋದು ಮನೆಯವರಿಗೆ."

ಆಮೇಲೆ ನನಗೆ ನೆಮ್ಮದಿಯಿಲ್ಲ. ಓದು ಮುಗಿಸಿ ಕೆ.ಆರ್. ಪೇಟೆಯ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ರಜೆಗೆ ಅತ್ತೆಯ ಮನೆಗೆ ಹೋದಾಗಲೆಲ್ಲ ಅವಳ ಮುಖ ನೋಡುತ್ತೇನೆ. ತಡವಾಗಿ ಎದ್ದರೆ ಬಾಗಿಲಲ್ಲಿ ಹೋಗಿ ನಿಲ್ಲುತ್ತೇನೆ. ಅವಳಿಗೆ ಅದು ಗೊತ್ತು. "ಏನೇ, ಪೊಲೀಸು ನೋಡ್ದಂಗೆ ನೋಡ್ತೀಯಾ?" ಎನ್ನುತ್ತಾಳೆ.

ಹೋದ ಸಲ ಹೋಗಿದ್ದಾಗ ಹುಳ ಮೂರನೇ ಜ್ವರಕ್ಕೆ ಕೂತಿದ್ದವು. ಈಗ ನನಗೂ ಒಳಗೆ ಪ್ರವೇಶವಿದೆ. ಹಾಸಿನ ತೇವ ಹೀರಲೆಂದು ಇಬ್ಬರೂ ತಟ್ಟೆಗಳ ಮೇಲೆ ಜರಡಿಯಲ್ಲಿ ಸುಣ್ಣದ ಪುಡಿ ಉದುರಿಸುತ್ತಿದ್ದೆವು. ಕೇಳಬಾರದೆಂದು ವರ್ಷಗಟ್ಟಲೆ ಇಟ್ಟುಕೊಂಡಿದ್ದನ್ನು ಕೇಳಿದೆ. ಮಾವ ಕೋಣೆ ಕತ್ತಲೆ ಮಾಡಿ ಯಾರನ್ನೂ ಬಿಡದೆ ಕಾದನಲ್ಲ, ಆಗ ನಿನಗೆ ಹೇಗಿತ್ತು?

ಅತ್ತೆ ಜರಡಿ ನಿಲ್ಲಿಸಲಿಲ್ಲ. "ಯಾರಾದ್ರೂ ಬಂದು ಮಾತಾಡ್ಸಿದ್ರೆ ಅಲ್ಲೇ ಸತ್ತೋಗ್ತೀನಿ ಅನ್ನಿಸ್ತಿತ್ತು ಕಣೆ. ನಿನ್ನ ಮಾವ ತಡೀತಾವ್ನೆ ಅನ್ನೋದೇ ಒಂದು ಧೈರ್ಯ."

"ಹಂಗಾದ್ರೆ ಅವನು ಮಾಡಿದ್ದೇ ಸರಿನಾ?"

"ಯಾರೂ ಬರ್ಲಿಲ್ವಲ್ಲ ಅಂತ ಗೋಡೆ ಕಡೆ ತಿರುಕ್ಕೊಂಡು ಅಳ್ತಾನೂ ಇದ್ದೆ."

ನಾನು ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟೆ. ಎರಡು ಕಡೆಯ ಮಾತನ್ನೂ ಒಂದೇ ಉಸಿರಲ್ಲಿ ಆಡಿ, ಎರಡನ್ನೂ ನಿಜ ಮಾಡಿಬಿಟ್ಟಿದ್ದಳು. ಅವಳು ಮುಂದಿನ ತಟ್ಟೆಗೆ ಹೋದಳು. ಹಿಂದೆಯೇ ಹೋದೆ.

"ಅತ್ತೆ, ನನಗೆ ವಾದ ಬೇಡ. ಮತ್ತೆ ನೀನು ಹಂಗೇ ಮಲಗಿಬಿಟ್ರೆ ಎಬ್ಬಿಸ್ಲಾ, ಸುಮ್ನೆ ಬುಡ್ಲಾ?"